ಕೌದಿ ಗುಂಪಿಗೆ ಮೊದಲು ಏನು ಕಲಿಸೋಣ?

ಹತ್ತು-ಹನ್ನೆರಡು ಹೆಣ್ಣುಮಕ್ಕಳು ಸೇರಿ ಕೌದಿ ಹೊಲಿಯುವ ಗುಂಪು ಕಟ್ಟಿಕೊಂಡಿದ್ದೇವೆ, ವಾರಕ್ಕೊಮ್ಮೆ ಕೂಡುತ್ತೇವೆ, ಮೊದಲ ಹುರುಪು ಇಳಿಯುವ ಮುಂಚೆ ಒಂದಿಷ್ಟು ತರಗತಿ ಇಟ್ಟುಕೊಳ್ಳಬೇಕು, ಏನು ಕಲಿಸೋಣ ಹೇಳಿ. ಈಚೆಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈ ಮಾತು ಮತ್ತೆ ಮತ್ತೆ ಕಾಣುತ್ತಿದೆ. ಒಂದು ಪತ್ರ ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ, ಇನ್ನೊಂದು ಹಾವೇರಿ ಕಡೆಯ ಸ್ವಸಹಾಯ ಸಂಘದಿಂದ, ಮತ್ತೊಂದು ಅಮೆರಿಕದಲ್ಲಿ ನೆಲೆಸಿದ ಕನ್ನಡತಿಯರಿಂದ. ಒಬ್ಬೊಬ್ಬರ ಅನುಕೂಲ ಒಂದೊಂದು, ಕಷ್ಟವೂ ಒಂದೊಂದು. ಆದರೂ ನನ್ನ ಉತ್ತರ ಎಲ್ಲರಿಗೂ ಒಂದೇ. ಡಿಸೈನು ಹುಡುಕುವ ಮೊದಲು ಮನೆಯ ಟ್ರಂಕು ತೆರೆಯಿರಿ. ಅದರಿಂದ ಹೊರಬಂದ ಬಟ್ಟೆ ಯಾವ ಕೆಲಸವನ್ನು ಬೇಡುತ್ತದೋ ಅದನ್ನೇ ಮುಂದಿನ ತರಗತಿಯ ವಿಷಯ ಮಾಡಿಕೊಳ್ಳಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಕಂಡ ಎಷ್ಟೋ ಗುಂಪುಗಳು ಶುರುವಾಗುವುದು ಮೊಬೈಲಿನ ವಿಡಿಯೊದಿಂದ. ಯಾರೋ ಎಂಟು ಮೂಲೆಯ ನಕ್ಷತ್ರದ ಕ್ವಿಲ್ಟ್ ತೋರಿಸುತ್ತಾರೆ, ಎಲ್ಲರಿಗೂ ಅದೇ ಬೇಕೆನಿಸುತ್ತದೆ. ಅಂಗಡಿಗೆ ಹೋಗಿ ಹೊಸ ಕಾಟನ್ ಬಟ್ಟೆ, ನಡುವೆ ತುಂಬಲು ಹತ್ತಿಯ ಹಾಳೆ, ಗಾಲಿಯಂತೆ ಉರುಳುವ ಕಟರು, ಅದರಡಿಗೆ ಹಾಸುವ ಮ್ಯಾಟು ಎಲ್ಲ ತರುತ್ತಾರೆ. ನಾಲ್ಕು ಚೌಕ ಮುಗಿಯುವಷ್ಟರಲ್ಲಿ ಮೂಲೆಗೆ ಮೂಲೆ ಕೂಡುತ್ತಿಲ್ಲ ಎಂಬ ಬೇಸರ ಸೇರಿಕೊಳ್ಳುತ್ತದೆ. ಅರ್ಧ ಹೊಲಿದ ತುಂಡುಗಳು ಪ್ಲಾಸ್ಟಿಕ್ ಚೀಲ ಸೇರಿ ಬೀರುವಿನ ಮೇಲೆ ಕೂರುತ್ತವೆ. ಅಲ್ಲಿ ಹೊಲಿಯುವವರ ಕೈ ಕಡಿಮೆಯದೇನಲ್ಲ, ಪಾಠದ ಕ್ರಮ ತಲೆಕೆಳಗಾಗಿದೆ ಅಷ್ಟೇ. ಅಮೆರಿಕದ ಕ್ವಿಲ್ಟಿಗೆ ಮೂರು ಪದರ: ಮೇಲೆ ಜೋಡಿಸಿದ ತುಂಡುಗಳ ಹಾಳೆ, ನಡುವೆ ಹತ್ತಿ, ಕೆಳಗೆ ಅಡಿಬಟ್ಟೆ. ಮೇಲಿನ ಹಾಳೆ ಪೂರ್ತಿ ಸಿದ್ಧವಾದ ಮೇಲೆ ಮೂರನ್ನೂ ಸೇರಿಸಿ ಹೊಲಿಯಬೇಕು, ಕಟ್ಟಕಡೆಗೆ ಸುತ್ತಲೂ ಅಂಚುಪಟ್ಟಿ ಕಟ್ಟಬೇಕು. ಮೊದಲ ದಿನವೇ ಅಳತೆ ಕರಾರುವಾಕ್ಕಾಗಿ ಇರಬೇಕು ಎನ್ನುವ ಕಸುಬು ಅದು. ನಮ್ಮ ಉತ್ತರ ಕರ್ನಾಟಕದ ಕೌದಿಗೆ ಹತ್ತಿಯ ಹಾಳೆ ಬೇಕಿಲ್ಲ. ಹಳೆಯ ಸೀರೆ, ಧೋತರಗಳೇ ಅದರ ಹೊಟ್ಟೆ. ಎಲ್ಲ ಪದರವನ್ನೂ ಹಿಡಿದಿಡುವುದು ಉದ್ದಕ್ಕೂ ಓಡುವ ಒಂದೇ ಸಾದಾ ಹೊಲಿಗೆ. ಆ ಹೊಲಿಗೆ ಬಂದವರು ಮುಂದೆ ನಕ್ಷತ್ರವನ್ನೂ ಮಾಡಬಲ್ಲರು.

ಹಾಗಾಗಿ ಮೊದಲ ಕೂಟಕ್ಕೆ ಸೂಜಿಯೇ ಬೇಡ. ಪ್ರತಿಯೊಬ್ಬರೂ ಮನೆಯಿಂದ ಒಂದು ಗಂಟು ಹಳೆ ಅರಿವೆ ಹೊತ್ತು ತರಲಿ. ಏನೇನು ಬರುತ್ತದೆ ಎಂದು ಹೇಳಿಬಿಡುತ್ತೇನೆ: ದಡಿ ಗಟ್ಟಿಯಿದ್ದು ಒಡಲು ಸವೆದ ಇಳಕಲ್ ಸೀರೆ, ಗಂಡಸರ ಚೌಕಳಿ ಲುಂಗಿ, ಮಕ್ಕಳ ಶಾಲೆಯ ಅಂಗಿ, ನಾಲ್ಕು ಸಲ ತೊಳೆದರೂ ಬಣ್ಣ ಬಿಡುವ ನೈಟಿ, ಮತ್ತೆ ಯಾವ ಮನೆಯಲ್ಲೂ ತಪ್ಪದ ರವಿಕೆ ಕಣಗಳು. ಉಡಿ ತುಂಬಿದಾಗ, ಅರಿಶಿನ-ಕುಂಕುಮಕ್ಕೆ ಕರೆದಾಗ, ಗೃಹಪ್ರವೇಶಕ್ಕೆ ಹೋದಾಗ ಕೈಗೆ ಬಂದು, ಇನ್ನೊಬ್ಬರಿಗೆ ದಾಟಿಸಲೂ ಆಗದೆ, ಹೊಲಿಸಲೂ ಮನಸ್ಸಾಗದೆ ಉಳಿದವು. ಕರ್ನಾಟಕದ ಹೆಣ್ಣುಮಕ್ಕಳ ಟ್ರಂಕುಗಳಲ್ಲಿ ಇಂಥ ಕಣಗಳ ರಾಶಿ ಎಷ್ಟಿದೆಯೆಂದರೆ ಒಂದು ಗುಂಪಿಗೆ ವರ್ಷಗಟ್ಟಲೆ ಬಟ್ಟೆ ಕೊಳ್ಳುವ ಅಗತ್ಯವೇ ಬೀಳದು.

ಈ ರಾಶಿಯನ್ನು ವಿಂಗಡಿಸುವುದೇ ಒಂದು ಪೂರ್ಣ ಪಾಠ. ಬಟ್ಟೆಯ ಅಂಚಿನಿಂದ ಒಂದೆಳೆ ಎಳೆದು, ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲಿನ ತಟ್ಟೆಯಿಟ್ಟು ದೀಪಕ್ಕೆ ಒಡ್ಡಿ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ಮುದುಡಿ, ಗಟ್ಟಿ ಕರಿಮಣಿಯಾಗಿ ನಿಲ್ಲುತ್ತದೆ. ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ. ಅರ್ಧ ಗಂಟೆ ಇದನ್ನು ಮಾಡಿದವರಿಗೆ ಅಂಗಡಿಯವನ "ಪ್ಯೂರ್ ಕಾಟನ್ ಅಮ್ಮಾ" ಎಂಬ ಮಾತಿನ ಮೇಲೆ ಒರಗುವ ಅಗತ್ಯ ಬೀಳುವುದಿಲ್ಲ. ಹಾಗೆಂದು ಪಾಲಿಯೆಸ್ಟರನ್ನು ಎಸೆಯಬೇಕಿಲ್ಲ. ಅದು ಜಾರುತ್ತದೆ, ಬೆವರು ಹೀರುವುದಿಲ್ಲ. ಮೈಗೆ ತಾಗುವ ಕೌದಿಗೆ ಬೇಡ, ಚೀಲಕ್ಕೆ ಇರಲಿ. ಇನ್ನು ಬಣ್ಣ ಬಿಡುವ ಬಟ್ಟೆ. ಒದ್ದೆ ಮಾಡಿದ ಬಿಳಿ ಧೋತರದ ಚೂರಿನಿಂದ ಕಡುಗೆಂಪು, ಕಡುನೀಲಿಗಳನ್ನು ಉಜ್ಜಿ ನೋಡಿ. ಚೂರಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಇನ್ನೂ ನಾಲ್ಕಾರು ನೀರು ಕಾಣಬೇಕು. ಹೊಲಿದಾದ ಮೇಲೆ ಮೊದಲ ಒಗೆತದಲ್ಲೇ ಬಿಳಿಯೆಲ್ಲ ಗುಲಾಬಿಯಾಗುವುದನ್ನು ತಡೆಯಲು ಬೇರೆ ಉಪಾಯವಿಲ್ಲ.

ಇದೇ ಕೂಟದಲ್ಲಿ ಹರಿಯುವುದನ್ನೂ ಕಲಿಸಿಬಿಡಿ. ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಕೌದಿ ಹೊಲಿಯುವ ಹಿರಿಯರೊಬ್ಬರ ಜೊತೆ ನಾನು ಕೂತಿದ್ದಾಗ, ಗುಂಪಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಸ್ಕೇಲು, ಪೆನ್ಸಿಲು ತೆಗೆದು ಗೆರೆ ಹಾಕತೊಡಗಿದಳು. ಅಜ್ಜಿ ಅವಳ ಕೈಯಿಂದ ಬಟ್ಟೆ ತಗೊಂಡು, ಅಂಚಿನಲ್ಲಿ ಒಂದಿಂಚು ಕತ್ತರಿ ತಾಗಿಸಿ, ಎರಡೂ ಕೈಯಿಂದ ಪರ್ರನೆ ಹರಿದರು. "ಗೆರಿ ಯಾಕ ಬೇಕ ಯವ್ವಾ? ಎಳಿ ಇದ್ದಂಗ ಹರದರ ಅದ ನೆಟ್ಟಗ ಬರತೈತಿ." ನಿಜ, ಕೈಮಗ್ಗದ್ದೋ ಗಿರಣಿಯದೋ, ಸಾದಾ ನೇಯ್ಗೆಯ ಹತ್ತಿ ಬಟ್ಟೆ ಎಳೆಯ ದಾರಿಯಲ್ಲೇ ಹರಿಯುತ್ತದೆ. ಕಣ್ಣಳತೆಯ ಕತ್ತರಿ ಎಳೆ ಬಿಟ್ಟು ಓರೆಯಾಗುತ್ತದೆ. ಓರೆ ಕತ್ತರಿಸಿದ ತುಂಡು ಹೊಲಿಯುವಾಗ ಜಗ್ಗುತ್ತದೆ, ಕೌದಿಯ ಮೂಲೆ ಸೊಟ್ಟಗಾಗುತ್ತದೆ. ದಾರದ ವಿಷಯದಲ್ಲೂ ಅವರದು ಅಷ್ಟೇ ಖಚಿತ ಮಾತು: "ಮಾರುದ್ದ ತಗೋಬ್ಯಾಡ, ಒಂದೂವರಿ ಮೊಳ ಸಾಕು. ಉದ್ದ ಆದಷ್ಟೂ ಗಂಟು ಬೀಳತೈತಿ." ದಾರ ಉದ್ದವಾದಷ್ಟೂ ಬಟ್ಟೆಯೊಳಗೆ ಹೆಚ್ಚು ಸಲ ಉಜ್ಜಿಕೊಂಡು, ಹುರಿ ಬಿಚ್ಚಿ, ತುದಿಗೆ ಬರುವಷ್ಟರಲ್ಲಿ ಸವೆದಿರುತ್ತದೆ. ಬರೀ ಈ ಎರಡು ಮಾತು ತಿಳಿದವರು ಉಳಿದವರಿಗಿಂತ ಬೇಗ ಮುಂದೆ ಹೋಗುವುದನ್ನು ನೋಡಿದ್ದೇನೆ.

ಎರಡನೆಯ ತರಗತಿಗೆ ಯಾವುದು ಎಂದರೆ ನಾನು ಹಿಂದೆಮುಂದೆ ನೋಡದೆ ಕವಂದಿ, ಅಂದರೆ ಸಿದ್ದಿಯರ ಕೌದಿ, ಎನ್ನುತ್ತೇನೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಬಾಳುವ ಸಿದ್ದಿಯರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಬಹಳ ಮಂದಿಯನ್ನು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದರು. ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡು ಸೇರಿ ನೆಲೆಸಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕವಂದಿ ಮಾತ್ರ ಮೂರೂ ಮನೆಗಳಲ್ಲಿದೆ. ಕೆಲವರು ಅದರ ಮೇಲೆ ಶಿಲುಬೆ ಕೂಡಿಸುತ್ತಾರೆ, ಕೆಲವರು ಚಂದ್ರ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೆಣ್ಣುಮಕ್ಕಳ ಕೆಲಸವನ್ನು ಅಧ್ಯಯನ ಮಾಡಿ ಬರೆದ ಮೇಲೆ, ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನವಾಯಿತು. ಈಗ ಅಲ್ಲಿನ ಕ್ವಿಲ್ಟ್ ಗುಂಪುಗಳು ಇದನ್ನು ಕಾರ್ಯಾಗಾರವಿಟ್ಟು ಕಲಿಯುತ್ತವೆ. ಯಲ್ಲಾಪುರದಿಂದ ಬಸ್ಸಿನ ದೂರದಲ್ಲಿರುವ ನಮ್ಮ ಗುಂಪುಗಳಿಗೆ ಇದು ಗೊತ್ತೇ ಇಲ್ಲವೆನ್ನುವುದು ನನಗೆ ನೋವಿನ ಸಂಗತಿ.

ಕಲಿಯುವವರಿಗೆ ಇದು ಏಕೆ ಒಗ್ಗುತ್ತದೆ ಎಂಬುದು ಕೆಲಸದ ಕ್ರಮದಲ್ಲೇ ಇದೆ. ಕವಂದಿ ಹೊರ ಅಂಚಿನಿಂದ ಶುರುವಾಗಿ ನಡುವಿಗೆ ಹೋಗುತ್ತದೆ. ಒಂದೂವರೆ ಅಡಿ ಚೌಕದ ಅಡಿಬಟ್ಟೆ ತಗೊಳ್ಳಿ, ಕೂರಲು ಹಾಸುವ ಆಸನದಷ್ಟು. ಅದರ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ. ಒಂದು ಮೂಲೆಯಲ್ಲಿ ಮೊದಲ ತುಂಡು ಇಡಿ. ಹೊರಬದಿಗಳನ್ನು ಒಳಕ್ಕೆ ಮಡಚಿ ಅಡಿಬಟ್ಟೆಯ ಮಡಿಕೆಗೆ ಸರಿಯಾಗಿ ಕೂಡಿಸಿ, ಅಂಚಿನುದ್ದಕ್ಕೂ ಹೊಲಿಯುತ್ತ ಹೋಗಿ. ತುಂಡು ಮುಗಿಯುವ ಕಡೆ ಇನ್ನೊಂದು ತುಂಡಿನ ಮಡಚಿದ ಬದಿ ಅದರ ಮಡಚದ ಅಂಚನ್ನು ಮುಚ್ಚುವಂತೆ ಕೂಡಿಸಿ. ಹೀಗೆ ನಾಲ್ಕೂ ಬದಿ ಸುತ್ತಿ ಬಂದ ಮೇಲೆ, ಕಾಲಿಂಚೋ ಅರ್ಧ ಇಂಚೋ ಒಳಗೆ ಎರಡನೆಯ ಸುತ್ತು, ಮತ್ತೆ ಮೂರನೆಯದು. ತುಂಡು ಸಾಲದಾದಾಗ ಹೊಸ ತುಂಡು ಸೇರುತ್ತ ಹೋಗುತ್ತದೆ. ಕೊನೆಗೆ ನಟ್ಟನಡುವೆ ನಾಲ್ಕೂ ಬದಿ ಮಡಚಿದ ಒಂದು ತುಂಡು ಬಂದು ಕೂತರೆ ಕೆಲಸ ಮುಗಿಯಿತು. ಅಳತೆಪಟ್ಟಿ ಬೇಡ, ಇಸ್ತ್ರಿ ಬೇಡ, ಮೊದಲು ಜೋಡಿಸಿ ಆಮೇಲೆ ಹೊಲಿಯುವ ಎರಡು ಹಂತವಿಲ್ಲ. ಅಮೆರಿಕದ ಕ್ವಿಲ್ಟಿನಲ್ಲಿ ಎಲ್ಲರನ್ನೂ ಸುಸ್ತು ಮಾಡುವ ಅಂಚುಪಟ್ಟಿಯ ಕೆಲಸ ಇಲ್ಲಿ ಮೊದಲ ಸುತ್ತಿನಲ್ಲೇ ತೀರಿರುತ್ತದೆ. ಮೂರನೆಯ ಸುತ್ತಿನ ಹೊತ್ತಿಗೆ, ಮಾತು ಎತ್ತಲಿದ್ದರೂ ಲಯ ತಪ್ಪದೆ ರೊಟ್ಟಿ ಬಡಿಯುವ ಹಾಗೆ, ಕೈ ತಾನಾಗಿ ನಡೆಯತೊಡಗುತ್ತದೆ.

ಮೂಲೆಗಳಿಗೆ ಹಾಕುವ ಫೂಲ, ಅಂದರೆ ಬಟ್ಟೆಯ ಹೂವು, ಕವಂದಿಯ ಜೀವ. ಅಂಗೈಗಿಂತ ಚಿಕ್ಕ ಚೌಕ ತುಂಡನ್ನು ಮೂಲೆಯಿಂದ ಮೂಲೆಗೆ ಮಡಚಿದರೆ ತ್ರಿಕೋನ, ಅದನ್ನೇ ಇನ್ನೊಮ್ಮೆ ಮಡಚಿದರೆ ಪುಟ್ಟ ತ್ರಿಕೋನ. ಇಂಥವನ್ನು ನಾಲ್ಕಾರು ಬಣ್ಣದಲ್ಲಿ ಮಾಡಿಕೊಂಡು, ಕೆಳಗಿನದರ ಅಂಚು ಎಳ್ಳಷ್ಟು ಹೊರಗೆ ಕಾಣುವಂತೆ ಒಂದರ ಮೇಲೊಂದು ಇಟ್ಟು, ಮೂಲೆಯ ಮಡಿಕೆಯೊಳಗೆ ಸಿಕ್ಕಿಸಿ ಹೊಲಿಯುತ್ತಾರೆ. ಫೂಲ ಇಲ್ಲದ ಕವಂದಿ ಬೆತ್ತಲೆ ಎಂಬ ಭಾವನೆ ಸಿದ್ದಿ ಅಜ್ಜಿಯರಲ್ಲಿದೆ. ಸೂಜಿ ಹಿಡಿಯಲು ಹೆದರುವ ಮಗುವಿಗೂ ಫೂಲ ಮಡಚಲು ಕೊಡಬಹುದು. ಅಜ್ಜಿ, ಸೊಸೆ, ಮೊಮ್ಮಗಳು ಒಟ್ಟಿಗೆ ಕೂರುವ ತರಗತಿ ಬೇಕೆಂದು ಹಾವೇರಿಯಿಂದ ಬರೆದವರು ಇದನ್ನೇ ಇಟ್ಟುಕೊಳ್ಳಲಿ.

ಆದರೆ ಇದನ್ನು ಕಲಿಸುವವರು ಯಾರು? ಇಲ್ಲಿ ನನ್ನದು ಹಟದ ಅಭಿಪ್ರಾಯ. ಆಗುವುದಾದರೆ ಸಿದ್ದಿ ಹೆಣ್ಣುಮಗಳೊಬ್ಬರನ್ನೇ ಕರೆಯಿರಿ. ಸಾದಾ ಕೌದಿಗಾದರೆ ನಿಮ್ಮೂರಿನಲ್ಲಿ ಕೂಲಿಗೆ ಕೌದಿ ಹೊಲಿದುಕೊಡುವ ಅವ್ವನನ್ನು ಕರೆಯಿರಿ. ಬಸ್ಸಿನ ಖರ್ಚು, ಊಟ, ಒಂದು ಸೀರೆ ಕೊಟ್ಟು ಕಳಿಸುವುದು ಸನ್ಮಾನವಾದೀತು, ಸಂಬಳವಾಗದು. ಇಂಗ್ಲಿಷ್ ಮಾತಾಡುವ ತರಬೇತುದಾರರಿಗೆ ಒಂದು ದಿನಕ್ಕೆ ಏನು ಕೊಡುತ್ತೀರೋ ಅಷ್ಟೇ ಇವರಿಗೂ ಕೊಡಬೇಕು, ಮತ್ತು ಅದನ್ನು ಕರೆಯುವ ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ಅವರು ವೇದಿಕೆಯ ಮೇಲೆ ನಿಂತು ವಿವರಿಸಲಿ ಎಂದು ಬಯಸಬೇಡಿ. ಚಾಪೆಯ ಮೇಲೆ ಕೂತು ಹೊಲಿಯುತ್ತಿರುತ್ತಾರೆ. ಸುತ್ತ ಏಳೆಂಟು ಜನ ಅವರ ಕೈ ಕಾಣುವಷ್ಟು ಹತ್ತಿರ ಕೂರಲಿ. ಅದಕ್ಕಿಂತ ಹೆಚ್ಚು ಜನರಿದ್ದರೆ ಎರಡು ದಿನ ಮಾಡಿ. ನಡುವೆ ಅವರು ಬಿಟ್ಟುಹೇಳುವ ಒಂದೊಂದು ಮಾತನ್ನೂ ಗುಂಪಿನ ಒಬ್ಬರು ಬರೆದುಕೊಳ್ಳಲಿ. ಮೊಣಕಾಲು ನೋವಿರುವವರಿಗೆ ಕುರ್ಚಿ ಇರಲಿ. ಕೂಟ ಮುಂಜಾನೆ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ ಇರಲಿ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಟ್ಯೂಬ್‌ಲೈಟಿಗೆ ಕಾಣುವುದಿಲ್ಲ.

ಬಣ್ಣದ ತರಗತಿಯನ್ನು ಬಹಳ ಗುಂಪುಗಳು ಬಿಟ್ಟೇಬಿಡುತ್ತವೆ, ಬಣ್ಣದ ಕಣ್ಣು ಹುಟ್ಟಿನಿಂದ ಬರಬೇಕು ಎಂದುಕೊಂಡು. ಅದನ್ನು ಕಲಿಸಬಹುದು, ಅದಕ್ಕೂ ಸೂಜಿ ಬೇಡ. ನೆಲದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ, ತುಂಡುಗಳನ್ನು ಹೊಲಿಯದೆ ಬರಿದೇ ಜೋಡಿಸಿ. ಆಮೇಲೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿ. ಗಾಢ ಕೆಂಪು, ಎಲೆಹಸಿರು, ನೇರಳೆ ಮೂರೂ ಒಂದೇ ಬೂದುಬಣ್ಣವಾಗಿ ನಿಂತಿರುತ್ತವೆ. ಇಷ್ಟೆಲ್ಲ ಬಣ್ಣವಿದ್ದೂ ಕೌದಿ ಮಂಕಾಗಿ ಕಾಣುವ ಗುಟ್ಟು ಅದು: ಬಣ್ಣ ಬೇರೆಬೇರೆ ಇದ್ದರೂ ಕತ್ತಲು-ಬೆಳಕು ಒಂದೇ ಇದೆ. ಈಗ ಆ ಮೂರರ ನಡುವೆ ಹಳೆ ಧೋತರದ ಬಿಳಿ ಪಟ್ಟಿಯನ್ನೋ, ಮಾಸಿದ ಹಳದಿ ರವಿಕೆಯ ತುಂಡನ್ನೋ ಇಟ್ಟು ಮತ್ತೆ ಫೋಟೊ ತೆಗೆಯಿರಿ. ಕೆಂಪು ಕೆಂಪಾಗಿ, ಹಸಿರು ಹಸಿರಾಗಿ ಎದ್ದು ನಿಲ್ಲುತ್ತದೆ. ಈ ಪಾಠದಲ್ಲಿ ಜನ ಗಟ್ಟಿಯಾಗಿ ವಾದಕ್ಕಿಳಿಯುತ್ತಾರೆ. ಇಳಿಯಲಿ ಬಿಡಿ. ಜೋಡಣೆ ಬದಲಿಸಿದಾಗಲೆಲ್ಲ ಫೋಟೊ ತೆಗೆದಿಟ್ಟುಕೊಂಡು, ಕೊನೆಗೆ ಎಲ್ಲ ಸಾಲಾಗಿ ನೋಡಿದರೆ ಯಾವುದು ಸರಿಯೆಂಬುದು ತಾನೇ ತಿಳಿಯುತ್ತದೆ.

ನಿಖರ ಅಳತೆಯ ಕೆಲಸ ಕಲಿಯಬೇಕೆನ್ನುವವರಿಗೆ ಷಟ್ಕೋನವೇ ಸರಿ. ಮನೆಯಲ್ಲಿ ಬಿದ್ದಿರುವ ಲಗ್ನಪತ್ರಿಕೆಗಳನ್ನು ಒಂದಿಂಚು ಬದಿಯ ಷಟ್ಕೋನಗಳಾಗಿ ಕತ್ತರಿಸಿ. ಬಟ್ಟೆಯನ್ನು ಅದಕ್ಕಿಂತ ಸುತ್ತಲೂ ಕಾಲಿಂಚು ದೊಡ್ಡದಾಗಿ ಕತ್ತರಿಸಿ, ಕಾರ್ಡಿನ ಮೇಲೆ ಮಡಚಿ ಟಾಕಿ ಹಾಕಿ, ಬದಿಗೆ ಬದಿ ಸೇರಿಸಿ ಹೊಲಿದು, ಸುತ್ತಲೂ ನೆರೆಯವು ಸೇರಿದ ಮೇಲೆ ಕಾರ್ಡು ತೆಗೆದುಬಿಡಬಹುದು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕೂತೂ ಮಾಡುವಂಥ ಕೆಲಸ. ಮಶೀನಿನ ಮೇಲೆ ಚೌಕ ಜೋಡಿಸುವವರಿಗೆ ಒಂದೇ ಲೆಕ್ಕ ಹೇಳುತ್ತೇನೆ: ಹನ್ನೆರಡು ಚೌಕದ ಸಾಲಿನಲ್ಲಿ ಪ್ರತಿ ಚೌಕವೂ ಇಂಚಿನ ಎಂಟನೆಯ ಒಂದು ಭಾಗದಷ್ಟು ಕಿರಿದಾದರೆ ಸಾಲು ಒಂದೂವರೆ ಇಂಚು ಗಿಡ್ಡವಾಗುತ್ತದೆ. ಕಾಲಿಂಚು ಬಿಟ್ಟು ನೆಟ್ಟಗೆ ಹೊಲಿಯುವುದನ್ನು ಒಂದು ಇಡೀ ಮಧ್ಯಾಹ್ನ, ಚಿಂದಿಯ ಮೇಲೆ, ಬೇರೇನೂ ಮಾಡದೆ ಅಭ್ಯಾಸ ಮಾಡಿದರೆ ಸಾಕು.

ನನಗೆ ಎಲ್ಲಕ್ಕಿಂತ ಪ್ರೀತಿಯದು ದುರಸ್ತಿಯ ಕಾರ್ಯಾಗಾರ. ನಮ್ಮ ಕಡೆ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ-ಕೌದಿಗಳನ್ನೆಲ್ಲ ಹಳ್ಳಕ್ಕೋ ಕೆರೆಗೋ ಹೊತ್ತೊಯ್ದು ತೊಳೆಯುವ ರೂಢಿ. ಒಣಗಿ ಮನೆಗೆ ಬಂದಾಗ ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ಮೇಲಿನ ತುಂಡು ಸವೆದು ಒಳಗಿನ ಪದರ ಇಣುಕಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಆ ಹೊತ್ತಿಗೆ ಗುಂಪಿನ ಒಬ್ಬೊಬ್ಬರೂ ಮನೆಯ ಒಂದು ಹಳೆ ಕೌದಿ ತರಲಿ. ಹಳೆ ಕೌದಿಯ ಹರಿದ ಜಾಗ ಒಂದು ಕಿಟಕಿ. ಒಳಗೆ ಯಾವ ಬಟ್ಟೆಯಿದೆ, ಎಷ್ಟು ಪದರ, ಹೊಲಿಗೆಯ ಸಾಲಿಗೂ ಸಾಲಿಗೂ ಎಷ್ಟು ಅಂತರ, ದಾರಕ್ಕೆ ಗಂಟು ಎಲ್ಲಿ ಹಾಕಿ ಎಲ್ಲಿ ಅಡಗಿಸಿದ್ದಾರೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಅಜ್ಜಿಯ ಕೌದಿಯೊಳಗೆ ಅವಳಿಗಿಂತ ಹಿಂದಿನವರ ಕೌದಿಯೇ ಪದರವಾಗಿ ಕೂತಿರುವುದನ್ನು ಹಾಗೆ ಕಂಡಿದ್ದೇನೆ. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡೂ ಒಂದೇ ಬಗೆಯಲ್ಲಿ ಸವೆಯುವುದಿಲ್ಲ ಎಂಬುದೂ ಇಲ್ಲೇ ತಿಳಿಯುವುದು. ದುರಸ್ತಿಯ ನಿಯಮ ಚಿಕ್ಕದು. ತ್ಯಾಪೆಯ ಬಟ್ಟೆ ಕೌದಿಯಷ್ಟೇ ಹಳೆಯದಿರಲಿ, ಹೊಸ ಗಟ್ಟಿ ಬಟ್ಟೆ ಸುತ್ತಲಿನ ಸವೆದ ಎಳೆಯನ್ನು ಜಗ್ಗಿ ಇನ್ನಷ್ಟು ಹರಿಯುತ್ತದೆ. ತ್ಯಾಪೆ ತೂತಿಗಿಂತ ಎರಡೆರಡು ಇಂಚು ಆಚೆಗೆ, ಗಟ್ಟಿ ಬಟ್ಟೆ ಸಿಗುವವರೆಗೆ ಹೋಗಲಿ. ಹಳೆಯ ಹೊಲಿಗೆಯ ಸಾಲನ್ನೇ ಹಿಡಿದು ಹೊಸ ಹೊಲಿಗೆ ಸಾಗಲಿ.

ಎಲ್ಲರೂ ಸೇರಿ ಒಂದೇ ಕೌದಿ ಮಾಡುವ ಆಸೆ ಪ್ರತಿ ಗುಂಪಿಗೂ ಒಂದು ದಿನ ಬಂದೇ ಬರುತ್ತದೆ. ಇದಕ್ಕೆ ನಾನು ಎರಡು ಕೆಲಸಗಳನ್ನು ನೆನಪಿಸುತ್ತೇನೆ, ಬಟ್ಟೆ ಎಲ್ಲಿಂದ ಎಂಬುದಕ್ಕೆ ಒಂದು, ಹಲವರ ಕೆಲಸ ಕೂಡಿಸುವ ಬಗೆಗೆ ಇನ್ನೊಂದು. ಅಮೆರಿಕದ ಅಲಬಾಮಾ ರಾಜ್ಯದ ನದಿತಿರುವಿನಲ್ಲಿರುವ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಣ್ಣುಮಕ್ಕಳ ಕ್ವಿಲ್ಟುಗಳು 2002ರಲ್ಲಿ ಹ್ಯೂಸ್ಟನ್ ಮತ್ತು ನ್ಯೂಯಾರ್ಕಿನ ಕಲಾ ವಸ್ತುಸಂಗ್ರಹಾಲಯಗಳ ಗೋಡೆ ಏರಿದವು. ಆ ಊರಿನ ಮಿಸ್ಸೂರಿ ಪೆಟ್‌ವೇ 1942ರಲ್ಲಿ ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನೇ ಜೋಡಿಸಿ ಹೊದಿಕೆ ಮಾಡಿಕೊಂಡರು. ಹೊಲದ ದುಡಿಮೆಯಲ್ಲಿ ಸವೆದ ಬಟ್ಟೆ ಅದು, ಅಲಂಕಾರಕ್ಕೆಂದು ಒಂದು ತುಂಡನ್ನೂ ಕೊಂಡದ್ದಲ್ಲ. ಮುಂದೆ ಅದೇ ಸೀಮೆಯಲ್ಲಿ 1966ರಲ್ಲಿ ಹುಟ್ಟಿದ ಹೊಲಿಗೆಯ ಸಹಕಾರ ಸಂಘ ಒಂದು ಕಂಪನಿಗೆ ಕಾರ್ಡುರಾಯ್ ದಿಂಬುಗವಸು ಹೊಲಿದುಕೊಟ್ಟಾಗ, ಉಳಿದ ಕಾರ್ಡುರಾಯ್ ಚೂರುಗಳಿಂದಲೇ ಊರಿನ ಮನೆಮನೆಯಲ್ಲಿ ಹೊಸ ಬಗೆಯ ಕ್ವಿಲ್ಟುಗಳು ಹುಟ್ಟಿದವು. ನಾನು ಟ್ರಂಕಿನಿಂದ ಶುರುಮಾಡಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಇನ್ನೊಂದು, ಏಡ್ಸ್‌ನಿಂದ ತೀರಿಕೊಂಡವರ ನೆನಪಿನ ಕ್ವಿಲ್ಟ್. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಮೊದಲ ಸಲ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಪ್ರತಿ ತುಂಡೂ ಮೂರಡಿ ಅಗಲ, ಆರಡಿ ಉದ್ದ. ಅಂಥ ಎಂಟು ಸೇರಿದರೆ ಹನ್ನೆರಡು ಅಡಿಯ ಒಂದು ಚೌಕ. ಅಳತೆಯೊಂದು ಬಿಟ್ಟು ಬೇರೆ ಬಿಗಿ ಕಡಿಮೆ. ಯಾವ ಊರಿನಲ್ಲಿ ಯಾರು ಹೊಲಿದರೂ ಕೂಡಿಕೊಳ್ಳುತ್ತಿತ್ತು. ನಿಮ್ಮ ಗುಂಪೂ ಅಷ್ಟನ್ನೇ ನಿಶ್ಚಯ ಮಾಡಿಕೊಳ್ಳಲಿ: ಪ್ರತಿಯೊಬ್ಬರದೂ ಒಂದೂವರೆ ಅಡಿ ಚೌಕ, ಹತ್ತಿ ಬಟ್ಟೆ, ಸುತ್ತಲೂ ಹೊಲಿಗೆಗೆ ಅರ್ಧ ಇಂಚು ಬಿಟ್ಟಿರಬೇಕು. ಒಳಗೆ ಏನಾದರೂ ಇರಲಿ. ಒಬ್ಬರು ಕಸೂತಿಯ ಗವಂತಿ, ಮುರಗಿ ಹೊಲಿಗೆಯಲ್ಲಿ ಗೋಪುರ ತೆಗೆಯಲಿ, ಇನ್ನೊಬ್ಬರು ಮಗನ ಶಾಲೆಯ ಅಂಗಿಯ ಜೇಬನ್ನು ಹಾಗೇ ಹೊಲಿದಿಡಲಿ. ಅಮೆರಿಕದಿಂದ ಬರೆದವರಿಗೂ ಇದೇ ನನ್ನ ಸಲಹೆ. ಊರಿನಿಂದ ಇಡೀ ಕೌದಿ ಹೊತ್ತೊಯ್ದರೆ ಸೂಟ್‌ಕೇಸಿನ ತೂಕ ಅದಕ್ಕೇ ಮುಗಿಯುತ್ತದೆ. ಅಕ್ಕತಂಗಿಯರು, ಚಿಕ್ಕಮ್ಮಂದಿರು ಹೊಲಿದುಕೊಟ್ಟ ಚೌಕಗಳನ್ನು ತಂದು ಅಲ್ಲಿ ಕೂಡಿಸಿ. ನಿಮ್ಮೂರಿನ ಕ್ವಿಲ್ಟ್ ಗುಂಪಿನವರನ್ನು ಕರೆದು ಅವರಿಂದ ಮಶೀನಿನ ಕೆಲಸ ಕಲಿಯಿರಿ, ಅವರಿಗೆ ಕವಂದಿ ತೋರಿಸಿ.

ದೊಡ್ಡ ಕೌದಿಗೆ ಕೈಹಾಕುವವರಿಗೆ ಒಂದು ಅಳತೆ ಕೊಟ್ಟುಬಿಡುತ್ತೇನೆ, ಏಕೆಂದರೆ ಎಷ್ಟು ಬಟ್ಟೆ ಬೇಕು ಎಂದು ಪ್ರತಿ ಪತ್ರದಲ್ಲೂ ಕೇಳುತ್ತಾರೆ. ಐದೂವರೆ ಮೀಟರಿನ ಒಂದು ಸೀರೆಯನ್ನು ಮೂರು ಮಡಿಕೆ ಮಾಡಿದರೆ ಆರಡಿ ಉದ್ದ, ನಾಲ್ಕಡಿಗೆ ಮೂರಿಂಚು ಕಡಿಮೆ ಅಗಲದ ಮೂರು ಪದರ ಸಿಗುತ್ತದೆ. ಒಬ್ಬರ ಹೊದಿಕೆಗೆ ಅದು, ಮೇಲೊಂದು ತುಂಡುಗಳ ಪದರ, ಇಷ್ಟು ಬೆಂಗಳೂರಿನ ಚಳಿಗೆ ಧಾರಾಳ. ಆರೇಳು ಪದರ ತುಂಬಿದ ಕೌದಿ ಬೆಚ್ಚಗಿರುತ್ತದೆ ನಿಜ, ಆದರೆ ನೀರು ಕುಡಿದ ಮೇಲೆ ಅದನ್ನು ಇಬ್ಬರು ಹಿಡಿದು ಹಿಂಡಬೇಕು. ಬಾಲ್ಕನಿಯ ಹಗ್ಗ ಅದರ ಭಾರ ತಾಳದು.

ಕೊನೆಯದಾಗಿ ಬೆಲೆಯ ತರಗತಿ. ಕೌದಿ ಮಾರುವ ಯೋಚನೆ ಇರುವ ಗುಂಪುಗಳು ಇದನ್ನು ಮೊದಲ ವರ್ಷದಲ್ಲೇ ಇಟ್ಟುಕೊಳ್ಳಬೇಕು. ಹಳೆ ಬಟ್ಟೆ ತಾನೇ ಎಂದು ಗಿರಾಕಿಗಳು ಹೇಳುತ್ತಾರೆ. ಹೊಲಿದವರೂ ಹಾಗೇ ನಂಬಿ ಬಂದಷ್ಟಕ್ಕೆ ಕೊಟ್ಟುಬಿಡುತ್ತಾರೆ. ನೋಡಿ ಸಂಕಟವಾಗುತ್ತದೆ. ಒಂದಡಿ ಚೌಕದಷ್ಟು ಜಾಗ ಹೊಲಿಯಲು ಪ್ರತಿಯೊಬ್ಬರಿಗೂ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಇಟ್ಟು ಬರೆದುಕೊಳ್ಳಿ. ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿಗೆ 24 ಚದರಡಿ, ಅಂದರೆ 36 ಗಂಟೆ. ಕಣ್ಣಿಗೆ, ಬೆನ್ನಿಗೆ ಹಿತವಾಗಿ ದಿನಕ್ಕೆ ಆರು ಗಂಟೆ ಹೊಲಿದರೆ ಆರು ದಿನದ ಕೆಲಸ. ನಿಮ್ಮೂರಲ್ಲಿ ಹೊಲದ ಕೂಲಿಗೆ ಹೋದರೆ ದಿನಕ್ಕೆ ಏನು ಸಿಗುತ್ತದೋ ಅದರ ಆರು ಪಟ್ಟು, ಜೊತೆಗೆ ದಾರ, ಬಟ್ಟೆ ತೊಳೆದ ಸೋಪು, ವಿಂಗಡಿಸಿ ಹರಿದ ಹೊತ್ತು. ಇದಕ್ಕಿಂತ ಒಂದು ರೂಪಾಯಿ ಕಡಿಮೆಗೆ ಕೊಟ್ಟರೂ ಹೊಲಿದವರೇ ಕೈಯಿಂದ ಹಾಕಿದಂತೆ. ಈ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಾರುವ ಜಾಗದಲ್ಲಿ ತೂಗುಹಾಕಿ. ಕೌದಿಯ ಹಿಂದಿನ ಮೂಲೆಯಲ್ಲಿ ಹೊಲಿದವರ ಹೆಸರು, ಊರು, ಇಸವಿಯನ್ನು ಅದೇ ದಾರದಲ್ಲಿ ಹೊಲಿಯಿರಿ. ಅಕ್ಷರ ಬರೆಯಲು ಬಾರದ ಅವ್ವಂದಿರು ಗುಂಪಿನಲ್ಲಿದ್ದರೆ, ಅವರ ಹೆಸರನ್ನು ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಬರೆದುಕೊಡಿ. ಅದರ ಮೇಲೆ ಸೂಜಿಯನ್ನು ಅವರೇ ಓಡಿಸಲಿ.